ಗೋಣು ಹಾಕುವ ಓಣಿ

ಗಜೇಂದ್ರಗಡದ ಮಗ್ಗದ ಓಣಿಯಲ್ಲಿ ಕಿವುಡರೇ ಇಲ್ಲ. ಆಶಾ ಕಾರ್ಯಕರ್ತೆ ಸಕ್ರವ್ವ ಸರಕಾರದ ಎಣಿಕೆಗೆಂದು ಮನೆಮನೆಗೆ ಹೋಗಿ, ಕಟ್ಟೆಗೆ ಕೂತ ಗಂಡಸರನ್ನು ಕೇಳಿ ಖಾತ್ರಿ ಮಾಡಿಕೊಂಡ ಸತ್ಯ ಇದು. ನಬೀಸಾಬನೂ ಹಾಗೇ ಹೇಳಿದ್ದ. ಅವನ ಬೆನ್ನ ಹಿಂದೆಯೇ ಹೆಂಡತಿ ಖತೀಜಾಬಿ ಪಾತ್ರೆ ತಿಕ್ಕುತ್ತಿದ್ದಳು. ಸಕ್ರವ್ವ ಎರಡು ಸಲ ಕರೆದರೂ ತಿರುಗಿರಲಿಲ್ಲ.

ತಿರುಗುವುದು ಹ್ಯಾಂಗ? ಹುಡುಗಿಯಾಗಿದ್ದಾಗಲೇ ಪಾವರ್‌ಲೂಮ್ ಶೆಡ್ಡು ಸೇರಿದವಳು. ನೂಲಿಗೆ ಧೂಳು ಹತ್ತಬಾರದೆಂದು ಪ್ಲಾಸ್ಟಿಕ್ ಹೊದಿಸುವ ಮಾಲಕರು, ಹೆಣ್ಣುಮಕ್ಕಳ ಕಿವಿಗೆ ಚಿಟಿಕೆ ಹತ್ತಿ ಕೊಟ್ಟವರಲ್ಲ. ಆ ಗದ್ದಲದಲ್ಲಿ ಮಾತೆಲ್ಲ ಕೈಯಲ್ಲೇ. ಎಳೆ ಹರಿದರೆ ಬೆರಳು ಚಿವುಟುವುದು, ಚಹಾ ಬೇಕಾದರೆ ಹೆಬ್ಬೆರಳು ಎತ್ತುವುದು, ಮಾಲಕ ಬಂದರೆ ಇಲ್ಲದ ಮೀಸೆ ತಿರುವುವುದು.

ಮಗಳು ನಾಹೀದಳನ್ನು ನೋಡಲು ನರೇಗಲ್ಲಿನವರು ಬರುವ ದಿನ ನಬೀಸಾಬ ಹೆಂಡತಿಯ ಎದುರು ನಿಂತು, ತುಟಿ ಅಗಲಿಸಿ ಹೇಳಿದ: "ಏನ ಕೇಳಿದ್ರೂ ಗೋಣ ಹಾಕು. ಗೊತ್ತಾದ್ರ, ರಕ್ತದಾಗ ಐತಿ ಅಂತ ಎದ್ದು ಹೋಗ್ತಾರ."

ಬಂದರು. ಖತೀಜಾಬಿ ಗೋಣು ಹಾಕಿದಳು, ಹಾಕಿಯೇ ಹಾಕಿದಳು. ಕತ್ತು ನೋಯುವ ಹೊತ್ತಿಗೆ ಒಂದು ಕಂಡಿತು. ಎದುರಿಗೆ ಹುಡುಗನ ಅಪ್ಪ ಮೋದಿನಸಾಬನೂ ಅದನ್ನೇ ಮಾಡುತ್ತಿದ್ದ. ಎಲ್ಲರೂ ನಕ್ಕ ಮೇಲೆ ತಡವಾಗಿ ನಗುತ್ತಿದ್ದ. ಹೆಂಡತಿ ಗುಲ್ಷನ ಮೊಣಕೈಯಿಂದ ತಿವಿದಾಗ ಉತ್ತರ ಕೊಡುತ್ತಿದ್ದ. ಹಿಂದೆ ಬೆಟಗೇರಿಯ ಶೆಡ್ಡೊಂದರಲ್ಲಿ ಕೂಲಿಗೆ ಮಗ್ಗ ನಡೆಸಿದವನಂತೆ.

ಖತೀಜಾಬಿ ಸೆರಗು ಸರಿಮಾಡಿಕೊಂಡು, ಅವನ ಕಣ್ಣಿಗೆ ಬೀಳುವ ಹಾಗೆ ಇಲ್ಲದ ಮೀಸೆ ತಿರುವಿದಳು.

ಮೋದಿನಸಾಬ ಎಲ್ಲರಿಗಿಂತ ಮೊದಲು ನಕ್ಕ. ಬಾಯೊಳಗಿನ ಚೂಡಾ ಅಂಗಿಯ ಮೇಲೆ ಉದುರಿತು.

"ನನಗ ಕೇಳಂಗಿಲ್ರಿ ಅಣ್ಣಾರ," ಎಂದಳು ಶೆಡ್ಡಿನವರ ದೊಡ್ಡ ದನಿಯಲ್ಲಿ. "ರಕ್ತದಾಗಲ್ಲ, ಮಗ್ಗದಾಗ ಹೋದವು ಕಿವಿ. ನಿಮ್ಮವೂ ಅಲ್ಲೇ ಹೋಗ್ಯಾವಲ್ಲ?"

ನಬೀಸಾಬ ನೆಲ ನೋಡಿದ. ಹಂಗೇನಿಲ್ಲ, ಇವರಿಗೆ ನೆಗಡಿ ಎಂದಳು ಗುಲ್ಷನ.

"ನಾ ಸಣ್ಣಾಂವ ಇದ್ದಾಗಿಂದ ಅದ ನೆಗಡಿ ನಡದೈತಿ ನೋಡಮ್ಮಾ," ಎಂದ ಮದುಮಗನಾಗಬೇಕಿದ್ದ ಇನಾಯತ. ಪರದೆಯ ಆಚೆ ನಾಹೀದ ನಕ್ಕಿದ್ದು ಕೇಳುವವರಿಗೆಲ್ಲ ಕೇಳಿತು.

ಮೋದಿನಸಾಬ ಏಳಲಿಲ್ಲ. ಖತೀಜಾಬಿಯತ್ತ ಹೆಬ್ಬೆರಳು ಎತ್ತಿದ. ಚಹಾ ಬಂತು, ಮಾತು ಪಕ್ಕಾ ಆಯಿತೆಂದು ಸಕ್ಕರೆ ಹಂಚಿದರು.

ಮರುದಿನ ಖತೀಜಾಬಿ ತಾನೇ ಹೋಗಿ ಸಕ್ರವ್ವನ ಕೈ ಹಿಡಿದಳು.

"ನನ್ನ ಎಣಿಸ್ಕೊ. ಉಳಿದವರ ಮನ್ಯಾಗ ಗಂಡಸರನ್ನ ಕೇಳಬ್ಯಾಡ, ಹೆಂಗಸರನ್ನ ಹಿಂದಿನಿಂದ ಕರದು ನೋಡು."

ನಳಕ್ಕೆ ನೀರು ಬಂದಿತ್ತು, ಅರ್ಧ ಓಣಿ ಅಲ್ಲೇ ಇತ್ತು. ಸಕ್ರವ್ವ ಹಿಂದೆ ನಿಂತು ಗಟ್ಟಿಯಾಗಿ ಕರೆದಳು. ತಿರುಗಿದವಳು ಒಬ್ಬಳೇ. ಮೊನ್ನೆ ಬಂದ ಹೊಸ ಸೊಸೆ, ಇನ್ನೂ ಶೆಡ್ಡಿಗೆ ಕಾಲಿಟ್ಟಿರಲಿಲ್ಲ.