ತೇವ ಹೀರುವ ಯಂತ್ರವೂ ತೆರೆದ ಬಾಗಿಲೂ

ಒಗೆದು ಎರಡು ದಿನವಾದರೂ ಒಣಗದ ಹತ್ತಿ ಸೀರೆಗೆ ಒಂದು ವಾಸನೆ ಇರುತ್ತದೆ. ನಿಮಗೂ ಗೊತ್ತಿರಬಹುದು. ಹಸಿ ನೆಲ, ಹಳೇ ಗೋಣಿಚೀಲ, ಎಂದೋ ಮುಚ್ಚಿಟ್ಟು ಮರೆತ ಡಬ್ಬ, ಎಲ್ಲ ಸೇರಿದಂಥ ಮುಗ್ಗುಲು ವಾಸನೆ. ಈ ಸಲ ದೀಪಾವಳಿ ಮಳೆ ಹಿಡಿದುಕೊಂಡಾಗ ಅದು ನನ್ನ ಹೊದಿಕೆಗೆ ಹತ್ತಿತು. ಹೊದಿಕೆಯೆಂದರೆ ರಾಜಮ್ಮನ ನೆಗಮಂ ಸೀರೆ, ಈ ಕಡೆಯ ಕೈಮಗ್ಗದ ಹತ್ತಿಯದು. ರಾಜಮ್ಮ ನನ್ನ ಹೆಂಡತಿ, ತೀರಿಕೊಂಡು ಮೂರು ವರ್ಷವಾಯಿತು. ಉಳಿದ ಸೀರೆಗಳನ್ನು ಅವಳ ತಂಗಿಯರು ಹಂಚಿಕೊಂಡರು. ಬಣ್ಣ ಹೋಗಿದೆ ಅಂತ ಇದೊಂದನ್ನು ಬಿಟ್ಟುಹೋದರು. ಇದನ್ನು ಹೊದೆಯದೆ ನನಗೆ ನಿದ್ದೆ ಬರುವುದಿಲ್ಲ. ಅರವತ್ತು ದಾಟಿದ ಗಂಡಸು ಹೇಳಿಕೊಳ್ಳುವ ಮಾತಲ್ಲ, ಆದರೂ ನಿಮ್ಮ ಹತ್ತಿರ ಹೇಳಿಬಿಟ್ಟೆ.

ಕೊಯಮತ್ತೂರಿನ ಹತ್ತಿರ ಸೂಲೂರಿನಲ್ಲಿ ನನ್ನದು ಒಂದು ಕೋಣೆ, ಒಂದು ಅಡುಗೆಮನೆ. ಎರಡನೇ ಮಹಡಿ. ತಾರಸಿಯ ಮೇಲೆ ಹಾಕಿದರೆ ಮಳೆ, ಒಳಗೆ ಹಾಕಿದರೆ ವಾಸನೆ. ಮುಗ್ಗುಲು ಹಿಡಿದ ಸೀರೆಯನ್ನು ಇನ್ನೆಷ್ಟು ಸಲ ಒಗೆಯುವುದು? ಹಳೇ ನೂಲು, ಒಗೆದೂ ಒಗೆದೂ ಒಂದು ದಿನ ಕೈಯಲ್ಲೇ ಪಿಸಿದುಹೋಗುತ್ತದೆ. ಆ ಹೆದರಿಕೆಗೇ ಕೊಯಮತ್ತೂರಿಗೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗಾಳಿಯ ತೇವ ಹೀರುವ ಯಂತ್ರಗಳೇ ನಾಲ್ಕಾರು ಇದ್ದವು. ಡಿಹ್ಯೂಮಿಡಿಫೈಯರ್ ಅನ್ನುತ್ತಾರಲ್ಲ, ಅವು. ದಿನಕ್ಕೆ ಎಷ್ಟು ಲೀಟರು ನೀರು ಹೀರುತ್ತದೆ, ಡಬ್ಬ ತುಂಬಿದರೆ ತಾನೇ ನಿಲ್ಲುತ್ತದೋ ಇಲ್ಲವೋ, ಎಷ್ಟು ದೊಡ್ಡ ಕೋಣೆಗೆ ಸಾಕು ಅಂತೆಲ್ಲ ಅಂಗಡಿಯವನು ವಿವರಿಸಿದ. ನಾನು ಪಂಪ್‌ಸೆಟ್ಟುಗಳ ಮೋಟಾರಿಗೆ ತಂತಿ ಸುತ್ತುತ್ತಲೇ ತಲೆ ಹಣ್ಣು ಮಾಡಿಕೊಂಡವನು. ಒಂದೊಂದರ ಮೇಲೂ ಅಂಗೈ ಇಟ್ಟು, ಕಿವಿಯಿಟ್ಟು, ದೊಡ್ಡ ವೈದ್ಯನ ಹಾಗೆ ಪರೀಕ್ಷೆ ಮಾಡಿದೆ. ಅವನು ಒಳ್ಳೆಯದೊಂದನ್ನು ಮುಂದಕ್ಕೆ ತಳ್ಳಿ, "ಸತ್ತಮೇ ಕೇಕ್ಕಾದುಂಗ ಅಯ್ಯಾ," ಅಂದ. ಸದ್ದೇ ಕೇಳಿಸುವುದಿಲ್ಲವಂತೆ. ಪಕ್ಕದಲ್ಲಿದ್ದ ಇನ್ನೊಂದು ಗೊರಗೊರ ಅನ್ನುತ್ತಿತ್ತು, ಯಾರೋ ಅಡುಗೆಮನೆಯಲ್ಲಿ ಕೂತು ಗೊಣಗಿದ ಹಾಗೆ. ನಾನು ಅದನ್ನೇ ಕೊಡು ಅಂದೆ. ಅವನು ನನ್ನ ಕಿವಿ ಮಂದ ಅಂದುಕೊಂಡಿರಬೇಕು, ಬಿಲ್ಲು ಕೊಡುವಾಗ ಜೋರಾಗಿ ಕೂಗಿ ಮಾತಾಡಿದ.

ಗೊಣಗುವವರೊಬ್ಬರು ಬೇಕಿತ್ತು, ಅಷ್ಟೇ. ನಮ್ಮ ಮನೆತನದವರು ತಲೆತಲಾಂತರದಿಂದ ಈ ಕಡೆಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮಲ್ಲಿ ಕನ್ನಡ ಓದಿದವರು ಯಾರೂ ಇರಲಿಲ್ಲ. ಚಾಮರಾಜನಗರದ ಕಡೆಯಿಂದ ಬಂದ ರಾಜಮ್ಮನೇ ನನಗೆ ಅಕ್ಷರ ಕಲಿಸಿದ್ದು. ನನ್ನ "ಕ" ನೋಡಿದಾಗಲೆಲ್ಲ, "ಅದೇನು, ತಂತಿ ಸುತ್ತಿಟ್ಟಂಗದೆ," ಅಂತ ನಗುತ್ತಿದ್ದಳು. ಈಗ ಮನೆಯೊಳಗೂ ಕನ್ನಡವಿಲ್ಲ. ಮಾತಾಡುವುದಕ್ಕೆ ಇನ್ನೊಬ್ಬರು ಬೇಕಲ್ಲ.

ಸೀರೆ ಮಡಿಸುವುದಕ್ಕೂ ಇನ್ನೊಬ್ಬರು ಬೇಕು. ಹತ್ತಿ ಸೀರೆ ಒಣಗಿದ ಮೇಲೆ ಇಬ್ಬರು ಎರಡು ತುದಿ ಹಿಡಿದು ಎಳೆದರೇ ಸುಕ್ಕು ಬಿಡುವುದು. ಕೆಲಸದಿಂದ ಬಂದವನ ಕೈಗೆ ಕಾಫಿಗಿಂತ ಮೊದಲು ಸೀರೆಯ ತುದಿ ಬರುತ್ತಿತ್ತು. "ಗಟ್ಯಾಗಿ ಹಿಡ್ಕಳಿ. ಊಟ ಮಾಡಿಲ್ವಾ?" ಅನ್ನುವಳು. ಅಂದು ಮುಗಿಸುವ ಮೊದಲೇ ಜಗ್ಗಿ ಎಳೆಯುವಳು, ನಾನು ಮುಗ್ಗರಿಸುವೆ. ಪ್ರತಿ ಸಲ ಮುಗ್ಗರಿಸಿದೆ. ಎಳೆಯುತ್ತಾಳೆ ಅಂತ ಗೊತ್ತಿದ್ದೂ ಮುಗ್ಗರಿಸುತ್ತಿದ್ದೆ, ಅವಳು ನಗಲಿ ಅಂತ.

ಯಂತ್ರ ಬಂತು. ವರ್ಕ್‌ಶಾಪಿನಲ್ಲಿ ಈಗಲೂ ಸಂಜೆಯವರೆಗೆ ಕೆಲಸವಿದೆ ನನಗೆ. ಯಾರೂ ಇಲ್ಲದ ಮನೆಯಲ್ಲಿ ಮೋಟಾರು ಓಡಿಸಿ ಹೋಗಲು ಮನಸ್ಸೊಪ್ಪದು, ಸುಟ್ಟುಹೋದ ಮೋಟಾರುಗಳನ್ನು ಬಿಚ್ಚಿಯೇ ಅನ್ನ ತಿಂದವನು ನಾನು. ಹಾಗಾಗಿ ಸಂಜೆ ಬಂದಮೇಲೆ ಹಾಕುವುದು, ಮಲಗುವಾಗ ಆರಿಸುವುದು. ಒಂದು ವಾರ ಓಡಿಸಿದೆ. ಡಬ್ಬ ತುಂಬಿ ತುಂಬಿ ಬಂತು, ಹೆಮ್ಮೆಯಿಂದ ಹೊತ್ತು ಸುರಿದೆ. ಸೀರೆ ಮಾತ್ರ ಹಸಿಹಸಿಯೇ. ಅಂಗಡಿಗೆ ಫೋನು ಮಾಡಿ ರೇಗಿದೆ. ಅವನು ಸಮಾಧಾನವಾಗಿ ಕೇಳಿದ, ಬಾಗಿಲು ಮುಚ್ಚಿ ಓಡಿಸುತ್ತಿದ್ದೀರಿ ತಾನೇ?

ಇಲ್ಲ. ದೀಪ ಹಚ್ಚುವ ಹೊತ್ತಿನಿಂದ ಮಲಗುವವರೆಗೆ ನಮ್ಮಲ್ಲಿ ಮುಂಬಾಗಿಲು ಮುಚ್ಚುವುದಿಲ್ಲ. ರಾಜಮ್ಮನಂತೂ ಚಿಲಕ ಮುಟ್ಟಗೊಡುತ್ತಿರಲಿಲ್ಲ. "ಲಕ್ಷ್ಮಿ ಬರೋ ಹೊತ್ತು ಕಣ್ರೀ," ಅನ್ನುವಳು.

"ಲಿಫ್ಟಿಲ್ಲದ ಎರಡನೇ ಮಹಡಿಗೆ ಲಕ್ಷ್ಮಿ ಹತ್ತಿ ಬರ್ತಾಳಾ?" ಅಂತ ನಾನು ಕೆಣಕುವೆ.

"ಬರದಿದ್ರೆ ಬ್ಯಾಡ. ಬಂದೋರ್ಗೆ ಬಾಗ್ಲು ಮುಚ್ಕಂಡದೆ ಅನ್ನಿಸ್ಬಾರ್ದು."

ಅಂತೂ ಒಂದು ವಾರ ಈ ಕಟ್ಟಡದ ಮೆಟ್ಟಿಲು, ಮೊಗಸಾಲೆ, ಬೀದಿಯ ಮಳೆಗಾಳಿ ಎಲ್ಲವನ್ನೂ ನಾನೊಬ್ಬನೇ ಒಣಗಿಸುತ್ತಾ ಕೂತಿದ್ದೆ, ಕರೆಂಟು ಬಿಲ್ಲು ಕಟ್ಟಿಕೊಂಡು.

ಲಕ್ಷ್ಮಿಯ ವಿಷಯ ನನಗೆ ತಿಳಿಯದು. ಆದರೆ ಆ ಹೊತ್ತಿಗೆ ಎದುರು ಮನೆಯ ಶಾಂತಿ ನೂಲಿನ ಮಿಲ್ಲಿನ ಕೆಲಸ ಮುಗಿಸಿ ಬರುತ್ತಾಳೆ. ತೆರೆದ ಬಾಗಿಲಲ್ಲಿ ನನ್ನನ್ನು ಕಂಡು, "ಸಾಪ್ಟೀಂಗ್ಳಾ ಅಯ್ಯಾ?" ಅನ್ನುತ್ತಾಳೆ. ಊಟವಾಯಿತೇ ಅಂತ. ಅಷ್ಟು ಹೊತ್ತಿಗೇ ಯಾರು ಊಟ ಮಾಡುತ್ತಾರೆ? ಇನ್ನೂ ಇಲ್ಲಮ್ಮ, ಆಮೇಲೆ ಮಾಡಬೇಕು, ಅನ್ನುತ್ತೇನೆ. ಅವಳು ಬೀಗ ತೆಗೆದು ಒಳಗೆ ಹೋಗುತ್ತಾಳೆ. ವರ್ಕ್‌ಶಾಪಿನಲ್ಲಿ ಮಾತೆಲ್ಲ ಮೋಟಾರಿನದು. ನಾನು ಉಂಡೆನೋ ಇಲ್ಲವೋ ಅಂತ ಈ ಭೂಮಿಯ ಮೇಲೆ ಕೇಳುವವಳು ಅವಳೊಬ್ಬಳೇ. ಬಾಗಿಲು ಮುಚ್ಚಿದರೆ ಸೀರೆ ಒಣಗುತ್ತದೆ, ಆ ಮಾತು ಹೋಗುತ್ತದೆ. ಅವಳು ಬಂದುಹೋಗುವವರೆಗೆ ಕಾದು ಮುಚ್ಚಿದರೆ ಮಲಗುವಷ್ಟರಲ್ಲಿ ಸೀರೆ ಒಣಗದು.

ಮೂಗಿಗೆ ಸೀರೆ ಹಿಡಿದು ನೋಡಿದೆ. ಮುಗ್ಗುಲು. ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲು ಹಾಕಿದೆ. ಯಂತ್ರ ಗೊರಗೊರ ಅಂದಿತು. ಸ್ವಲ್ಪ ಹೊತ್ತಿಗೆ ಹೊರಗೆ ಚಪ್ಪಲಿ ಸದ್ದು ಬಂತು, ನಮ್ಮ ಬಾಗಿಲ ಮುಂದೆ ನಿಂತಿತು, ಹೋಯಿತು. ನನಗೆ ಅಳು ಬಂದಹಾಗಾಯಿತು. ಎದ್ದು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಮಲಗುವ ಹೊತ್ತಿಗೆ ಸೀರೆ ಗರಿಗರಿಯಾಗಿ ಒಣಗಿತ್ತು. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಎಳೆದೆ. ಸುಕ್ಕು ಚೆನ್ನಾಗಿಯೇ ಬಿಟ್ಟಿತು. ಬಾಗಿಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅದರಲ್ಲಿ ತಪ್ಪು ಹೇಳುವಹಾಗಿಲ್ಲ. ತಿರುಗಿ ಎಳೆಯುವುದಿಲ್ಲ, ಅಷ್ಟೇ. ಆ ರಾತ್ರಿ ಒಣ ಸೀರೆ ಹೊದ್ದೂ ನಿದ್ದೆ ಬರಲಿಲ್ಲ.

ಮುಂದಿನ ಸಲ ಒಗೆದ ದಿನ ಸಂಜೆ ಬಂದವನು ಬಾಗಿಲು ಮುಚ್ಚಿ ಯಂತ್ರ ಹಾಕಿದೆ, ದೀಪದ ಹೊತ್ತಿಗೆ ಆರಿಸಿ ಬಾಗಿಲು ತೆರೆದೆ. ಸೀರೆ ಅರೆ ಒಣಗಿತ್ತು. ಮಡಿಸಲು ಒದ್ದಾಡುತ್ತಿದ್ದಾಗ ಶಾಂತಿ ಬಂದಳು. ಊಟದ ಮಾತು ಎತ್ತಲಿಲ್ಲ. ಅವತ್ತು ಕದ ಮುಚ್ಚಿತ್ತಲ್ಲ, ಅಂದಳು. "ಬಯಂದುಟ್ಟೇನುಂಗ ಅಯ್ಯಾ." ಹೆದರಿಬಿಟ್ಟಿದ್ದಳಂತೆ. ತಟ್ಟೋಣ ಅಂತ ನಿಂತರೆ ಒಳಗೆ ಏನೋ ಗೊಣಗೊಣ ಸದ್ದು ಕೇಳಿಸಿತಂತೆ, ಯಾರೋ ನೆಂಟರು ಬಂದಿದ್ದಾರೆ, ಸದ್ಯ, ಅಂದುಕೊಂಡು ಹೋದಳಂತೆ.

ನೆಂಟರು ಯಾರೂ ಇಲ್ಲಮ್ಮ, ಅದು ಮೆಷಿನ್ನು, ಅಂದೆ.

ಅವಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ಊಟದ ಚೀಲವನ್ನು ಹೊಸಿಲ ಪಕ್ಕ ಇಟ್ಟು, ಕೇಳದೆಯೇ ಸೀರೆಯ ಆ ತುದಿ ಹಿಡಿದಳು. ಮಿಲ್ಲಿನಲ್ಲಿ ಪಳಗಿದ ಕೈ. ನಾನು ಸರಿಯಾಗಿ ಹಿಡಿದುಕೊಳ್ಳುವ ಮೊದಲೇ ಎಳೆದಳು.

ನಾನು ಮುಗ್ಗರಿಸಿದೆ. ಬೇಕೆಂದು ಅಲ್ಲ.