ಎಂಟು ಪೆಟ್ಟಿಗೆಗೆ ಒಂದೇ ಕೀಲಿ

ಸಿರುಗುಪ್ಪದ ಬಸ್ ನಿಲ್ದಾಣದ ಎದುರು ನನ್ನದೊಂದು ಆನ್‌ಲೈನ್ ಅಂಗಡಿ. ಅರ್ಜಿ ತುಂಬುತ್ತೇನೆ, ಪ್ರಿಂಟ್ ತೆಗೆಯುತ್ತೇನೆ, ಇಮೇಲ್ ಖಾತೆ ಮಾಡಿಕೊಡುತ್ತೇನೆ. ಇಮೇಲ್ ಮಾಡಿಸಿಕೊಂಡವರು ಪಾಸ್‌ವರ್ಡ್ ಮಾತ್ರ ಒಯ್ಯುವುದಿಲ್ಲ. "ನಮಗ ನೆನಪು ಉಳಿಯಂಗಿಲ್ರಿ ಅಕ್ಕಾ, ನಿಮ್ಮ ಹತ್ರಾನ ಇರ್ಲಿ" ಎಂದು ಬಿಟ್ಟುಹೋಗುತ್ತಾರೆ. ಅಷ್ಟು ನಂಬುತ್ತಾರಲ್ಲ ಎಂದು ನನಗೂ ಒಳಗೊಳಗೇ ಹೆಮ್ಮೆ. ಗೋಜೇ ಬೇಡವೆಂದು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಡುತ್ತಿದ್ದೆ. ಪಾಸ್‌ವರ್ಡ್ ಮರೆತರೆ ಮತ್ತೆ ತೆರೆಯಲು ಬೇಕಾದೀತೆಂದು ಎಲ್ಲದಕ್ಕೂ ಅಂಗಡಿಯ ಹಳೆಯ ಇಮೇಲ್ ವಿಳಾಸವನ್ನೇ ಕೊಡುತ್ತಿದ್ದೆ.

ಕಳೆದ ವರ್ಷ ಕರೂರಿನ ಸೊಸೆಯೊಬ್ಬಳು ಬಂದಳು. ಮದುವೆಗೆ ಮುಂಚೆ ನರ್ಸಿಂಗ್ ಓದಿದವಳು. ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಬೇಕಿತ್ತು. ಇಮೇಲ್ ಮಾಡಲು ಫೋನ್ ನಂಬರು ಬೇಕು, ಮನೆಗೆಲ್ಲ ಇರುವುದು ಒಂದೇ ನಂಬರು, ಅದು ಗಂಡನ ಕಿಸೆಯಲ್ಲಿ. ಕೆಲಸದ ಮಾತೆತ್ತಿದರೆ ಅವನು ಊಟದ ತಟ್ಟೆ ಸರಿಸಿ ಎದ್ದುಹೋಗುತ್ತಾನಂತೆ. ಫೋನ್ ನಂಬರು ಕೇಳದ, ನಡೆಸುವ ಕಂಪನಿಯವರೂ ಪತ್ರ ಓದಲಾಗದ ಇಮೇಲ್ ಒಂದಿದೆ ಎಂದೆ. ಅದರಲ್ಲಿ ಆಗಲೇ ಆರು ಜನರಿಗೆ ಮಾಡಿಕೊಟ್ಟಿದ್ದೆ. ನನ್ನ ಸ್ವಂತದ್ದೂ ಅಲ್ಲೇ ಇತ್ತು. ಅವಳದು ಎಂಟನೆಯದು.

"ಯಾರಿಗೂ ಕಾಣಂಗಿಲ್ಲ ಹೌದಿಲ್ರಿ?"

"ದೇವರಿಗೂ ಕಾಣಂಗಿಲ್ಲವ್ವ" ಎಂದುಬಿಟ್ಟೆ.

ಅರ್ಜಿ ಹಾಕಿದ ಮೇಲೆ ಅವಳು ಸೆರಗಿನಿಂದ ಪರದೆ ಮರೆಮಾಡಿಕೊಂಡು ತಂಗಿಗೂ ಒಂದು ಪತ್ರ ಬರೆದು ಹೋದಳು.

ಹದಿನೈದು ದಿನ ಬಿಟ್ಟು, ಕುರುಗೋಡಿನ ತವರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಪಕ್ಕದ ಮನೆಯ ಫೋನಿನಿಂದ ಆಸ್ಪತ್ರೆಗೆ ಕೇಳಿದ್ದಳಂತೆ. ಸಂದರ್ಶನದ ಪತ್ರ ಕಳಿಸಿದ್ದಾರೆ, ಸಂಜೆ ಐದರೊಳಗೆ ಅದೇ ಇಮೇಲಿನಿಂದ ಒಪ್ಪಿಗೆ ಬರಬೇಕು, ಇಲ್ಲವೆಂದರೆ ಬೇರೆಯವರನ್ನು ಕರೆಯುತ್ತಾರೆ.

ತೆರೆಯಲು ಹೋದರೆ ಖಾತೆ ಬಂದ್. ನನ್ನದು ನೋಡಿದೆ, ಅದೂ ಬಂದ್. ಎಂಟೂ ಬಂದ್. ಒಬ್ಬರೇ ಹಲವು ಖಾತೆ ತೆರೆದಿದ್ದೀರಿ, ಉಚಿತವಾಗಿ ಒಬ್ಬರಿಗೆ ಒಂದೇ ಎಂದು ಬರೆದಿತ್ತು. ನನಗೆ ರೇಗಿಹೋಯಿತು. ಯಾರು ಏನೆಂದು ಕೇಳುವುದಿಲ್ಲ ಎಂದವರು ಈಗ ಲೆಕ್ಕ ಕೇಳುತ್ತಾರಲ್ಲ! ನಾವು ಎಂಟು ಬೇರೆ ಬೇರೆ ಜನ ಎಂದು ಕಂಪನಿಗೆ ಕುಟ್ಟಿ ಕುಟ್ಟಿ ಬರೆದು ಕಳಿಸಿದೆ.

ಅವಳು ಸ್ಟೂಲಿನ ಅಂಚಿಗೆ ಕೂತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಎರಡು ಬಾರಿ ಚಹಾ ಬಂತು, ಮುಟ್ಟಲಿಲ್ಲ. ಮೂರೂವರೆಗೆ ಅಂಗಡಿಯ ಇಮೇಲಿಗೆ ಉತ್ತರ ಬಂತು. ಎಂಟು ಖಾತೆಗೂ ಕೊಟ್ಟಿರುವ ವಿಳಾಸ ಒಂದೇ, ಆದ್ದರಿಂದ ನೀವು ಒಬ್ಬರೇ ಎಂದು ತಿಳಿಯುತ್ತೇವೆ. ಒಂದನ್ನು ತೆರೆದುಕೊಡುತ್ತೇವೆ, ಯಾವುದು ಹೇಳಿ.

ಅವಳು ನನ್ನ ಭುಜದ ಹಿಂದೆ ನಿಂತು ಓದಿದ್ದಳು.

"ಎಲ್ಲಾದಕ್ಕೂ ನಿಮ್ದ ವಿಳಾಸ ಯಾಕ ಐತ್ರಿ?"

ಹೇಳಿದೆ. ಪಾಸ್‌ವರ್ಡ್ ಒಂದೇ ಎಂಬುದನ್ನೂ ಹೇಳಿದೆ.

"ಹಂಗಾರ ನನ್ನ ಪತ್ರ ನೀವು ಓದಬಹುದಿತ್ತು?"

ಇಲ್ಲ ಎನ್ನಬಹುದಿತ್ತು. "ಓದೀನವ್ವ. ಒಂದ್ ಸಲ" ಎಂದೆ. ಆಸ್ಪತ್ರೆಯಿಂದ ಏನಾದರೂ ಬಂತೇ ಎಂದು ನೋಡಲು ತೆರೆದಿದ್ದು ನಿಜ. ತಂಗಿಗೆ ಬರೆದದ್ದನ್ನು ಓದಲು ಮಾತ್ರ ಯಾವ ನೆಪವೂ ಇರಲಿಲ್ಲ. ಅದರಲ್ಲಿ ಗಂಡನ ಬಗ್ಗೆ ಅವಳು ತಾಯಿಗೂ ಹೇಳದ ಮಾತುಗಳಿದ್ದವು. ಅವಳು ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ಖಾತೆ. ಆ ಆರು ಜನರಿಗೆ ಏನು ಹೇಳುವುದು? ನನ್ನದರಲ್ಲಿ ತೀರಿಹೋದ ನನ್ನ ಅಕ್ಕ ಬರೆದ ಪತ್ರಗಳಿದ್ದವು. ನನ್ನದನ್ನೇ ಬರೆಯಲು ಕೈ ಹೋಗಿದ್ದು ಸುಳ್ಳಲ್ಲ. ನಾಲ್ಕಾಗುತ್ತಿತ್ತು. ಅವಳದನ್ನು ಬರೆದು ಕಳಿಸಿದೆ.

ಐದಕ್ಕೆ ಹತ್ತು ನಿಮಿಷವಿರುವಾಗ ಖಾತೆ ತೆರೆಯಿತು. ಪತ್ರ ಅಲ್ಲೇ ಇತ್ತು. ಅವಳೇ ಒಪ್ಪಿಗೆ ಬರೆದು ಕಳಿಸಿದಳು. ನಾನು ಉಸಿರು ಬಿಟ್ಟೆ. ಅವಳು ಏಳಲಿಲ್ಲ.

"ಅಕ್ಕಾ, ಸ್ವಲ್ಪ ಆ ಕಡೆ ತಿರುಗ್ರಿ."

ಬೀದಿಯ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಹೊಸ ಪಾಸ್‌ವರ್ಡಿನ ಒಂದೊಂದೇ ಅಕ್ಷರ ಒತ್ತುವ ಸದ್ದು ಕೇಳಿಸುತ್ತಿತ್ತು. ರೂಢಿಬಲದಿಂದ ಬಾಯಿಗೆ ಬಂದುಬಿಟ್ಟಿತು: "ಬರದಿಟ್ಕೊಳ್ಳಾಕ ಚೀಟಿ ಕೊಡ್ಲೇನವ್ವ?"

"ಬ್ಯಾಡ್ರಿ" ಎಂದಳು. "ನನಗ ನೆನಪಿರತೈತಿ."