ಮಗಳ ಬಗ್ಗೆ ನಾನು ಬರೆದ ಪತ್ರ

ನನ್ನ ಮಗಳು ಸಹನಾಗೆ ಅವಳು ಬಯಸಿದ ಕಾಲೇಜಿನಲ್ಲಿ ಸೀಟು ಸಿಗದ ಹಾಗೆ ಮಾಡಿದವಳು ನಾನು. ಎಂಟು ವರ್ಷವಾಯಿತು. ಅವಳಿಗೆ ಇನ್ನೂ ಗೊತ್ತಿಲ್ಲ. ತನ್ನಲ್ಲೇ ಏನೋ ಕೊರತೆಯಿತ್ತು ಎಂದುಕೊಂಡು ಬದುಕುತ್ತಿದ್ದಾಳೆ — ಹಾಗೆಂದುಕೊಳ್ಳಲು ನಾನು ಬಿಟ್ಟಿದ್ದೇನೆ.

ನಾನು ಧಾರವಾಡದವಳು. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರರ ಪತ್ರಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಗಂಡ ತೀರಿಕೊಂಡಾಗ ಸಹನಾಗೆ ಹದಿಮೂರು. ಅಂದಿನಿಂದ ಎಜ್‌ವೇರ್‌ನ ಫ್ಲ್ಯಾಟಿನಲ್ಲಿ ನಾವಿಬ್ಬರೇ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು — ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ.

ಹದಿನೇಳಕ್ಕೆ ಅವಳಿಗೆ ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳ ಹುಚ್ಚು ಹಿಡಿಯಿತು. ಇಲ್ಲಿ ಮೊದಲೇ ಒಂದು ವಿಷಯಕ್ಕೆ ಕಟ್ಟುಬೀಳಬೇಕು; ಅಲ್ಲಿ ಬೆಳಿಗ್ಗೆ ತತ್ವಶಾಸ್ತ್ರ, ಮಧ್ಯಾಹ್ನ ಜೀವಶಾಸ್ತ್ರ ಓದಬಹುದು, ತರಗತಿಗೆ ಹದಿನೈದೇ ಮಂದಿ, ಪಾಠ ಹೇಳುವವರಿಗೆ ಎಲ್ಲರ ಹೆಸರೂ ಗೊತ್ತಿರುತ್ತದೆ ಎನ್ನುತ್ತಿದ್ದಳು. ಮೂರು ಕಾಲೇಜುಗಳನ್ನು ಆರಿಸಿ ಅಡುಗೆಮನೆಯ ಮೇಜಿನ ಮೇಲೆ ತಿಂಗಳುಗಟ್ಟಲೆ ತೂಗಿದಳು. ನಾನು ಎದುರಿಗೆ ಕೂತು ಅಡ್ಡಗಾಲು ಹಾಕಿದೆ. ಖರ್ಚು ಎಂದೆ — ಪೂರ್ತಿ ವಿದ್ಯಾರ್ಥಿವೇತನ ಇರುವುದನ್ನು ಹುಡುಕಿದಳು. ಊಟ ಎಂದೆ — ಹುಡುಗಿಯರೇ ಅಡುಗೆ ಮಾಡಿಕೊಳ್ಳುವ ಹಾಸ್ಟೆಲು ತೋರಿಸಿದಳು. ಅಲ್ಲಿನ ಕಾಲೇಜುಗಳ ಧರಣಿ, ಘೋಷಣೆ, ಭಾಷಣಕಾರರನ್ನು ಕೂಗಿ ಓಡಿಸುವುದು, ಇದೆಲ್ಲ ನಮಗ್ಯಾಕವ್ವಾ ಎಂದೆ.

ಅದಕ್ಕೂ ಅವಳ ಬಳಿ ಉತ್ತರವಿತ್ತು. ಮೂರೂ ಕಾಲೇಜುಗಳ ವಿದ್ಯಾರ್ಥಿ ಪತ್ರಿಕೆಗಳನ್ನು ಕೂತು ಓದಿದ್ದಳು. ಒಂದರಲ್ಲಿ ಎಲ್ಲರದೂ ಒಂದೇ ರಾಗ. ಇನ್ನೊಂದರಲ್ಲಿ ಯಾರೂ ಬಾಯಿಯೇ ಬಿಡುವುದಿಲ್ಲ. ಮೂರನೆಯದರಲ್ಲಿ ಮಾತ್ರ ಹುಡುಗರು ಹೆಸರು ಹಾಕಿ ಜಗಳವಾಡಿದ್ದರು, ಮುಂದಿನ ವಾರ ಅದೇ ಹುಡುಗರು ಸೇರಿ ನಾಟಕವಾಡಿದ್ದರು. ಕಾಲೇಜಿನವರು ಅಚ್ಚು ಹಾಕಿಸಿದ ಬಣ್ಣದ ಪುಸ್ತಕ ಸುಳ್ಳು ಹೇಳುತ್ತದೆ ಅಮ್ಮಾ, ಜಗಳ ಸುಳ್ಳು ಹೇಳುವುದಿಲ್ಲ ಎಂದಳು. ಎಷ್ಟು ಬುದ್ಧಿವಂತೆ ನನ್ನ ಮಗಳು! ಹೆಮ್ಮೆಯೂ ಆಯಿತು, ಭಯವೂ ಆಯಿತು.

ಅರ್ಜಿ ಹಾಕಿದ್ದು ಆ ಮೂರನೆಯದಕ್ಕೊಂದೇ. ಬೇಡವೆನ್ನಲು ನನ್ನಲ್ಲಿ ಒಂದೇ ಕಾರಣ ಉಳಿದಿತ್ತು — ಅವಳು ಹೋದರೆ ನಾನು ಒಬ್ಬಳೇ. ಅದನ್ನು ಬಾಯಿಬಿಟ್ಟು ಹೇಳಿದ್ದರೆ... ಹೇಳಬಹುದಿತ್ತು. ಹೇಳಲಿಲ್ಲ.

ಆ ಕಾಲೇಜಿನವರು ತಂದೆ ಅಥವಾ ತಾಯಿಯಿಂದಲೂ ಒಂದು ಪತ್ರ ಕೇಳುತ್ತಿದ್ದರು. ನಿಮ್ಮ ಮಗು ಎಂಥದ್ದು, ನಿಮ್ಮ ಮಾತಿನಲ್ಲೇ ಹೇಳಿ ಎಂದು.

ಈಗ ನಮ್ಮವರ ಒಂದು ರೂಢಿ ಹೇಳಬೇಕು. ಹೆತ್ತ ಮಗುವನ್ನು ನಾವು ನಾಲ್ಕು ಜನರೆದುರು ಹೊಗಳುವುದಿಲ್ಲ. ದೃಷ್ಟಿ ತಾಗುತ್ತದೆ, ಮೇಲಾಗಿ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಳ್ಳುತ್ತಾರೆ. ಕಿಂಗ್ಸ್‌ಬರಿಯ ಗಿರಿಜಕ್ಕನ ಮನೆಯಲ್ಲಿ ಹಬ್ಬಕ್ಕೆ ಸೇರಿದಾಗ ಆಕೆ, "ನಿಮ್ಮ ಸಹನಾ ಭಾಳ ಶಾಣ್ಯಾ ಅಂತಲ್ರೀ?" ಎಂದರೆ, "ಶಾಣ್ಯಾ ಏನ್ ಬಂತ್ರೀ, ಒಂದ್ ಕಪ್ ಚಾ ಮಾಡ್ಲಿಕ್ಕ ಬರಂಗಿಲ್ಲ ಆಕಿಗೆ" ಎನ್ನುತ್ತಿದ್ದೆ. ಅದರ ಅರ್ಥ 'ಹೌದು, ಬಹಳ ಜಾಣೆ' ಎಂದೇ. ಅಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು.

ಅದೇ ನಾಲಿಗೆಯಲ್ಲಿ ನಾನು ಕಾಲೇಜಿಗೆ ಬರೆದೆ. ಸಹನಾ ಒಳ್ಳೆಯ ಹುಡುಗಿ. ಓದಿನಲ್ಲಿ ಸಾಧಾರಣ. ಹೇಳಿಕೊಟ್ಟಷ್ಟನ್ನು ಮಾಡುತ್ತಾಳೆ, ತಾನಾಗಿ ಶುರು ಮಾಡುವ ಸ್ವಭಾವವಲ್ಲ. ಮನೆ ಬಿಟ್ಟು ದೂರವಿರುವುದು ಅವಳಿಗೆ ಕಷ್ಟವಾಗಬಹುದು.

ರೂಢಿಯ ಬಲದಿಂದ ಕೈ ತಾನಾಗಿ ಹಾಗೆ ಬರೆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇಂಗ್ಲಿಷಿನ ಪತ್ರದಲ್ಲಿ ಅರೆಮನಸ್ಸಿನ ಒಂದು ಮಾತು ಏನು ಮಾಡಬಲ್ಲದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಲಸಕ್ಕೆ ಅರ್ಜಿ ಹಾಕಿದ ಕಿರಿಯ ಡಾಕ್ಟರರ ಬಗ್ಗೆ ದೊಡ್ಡ ಡಾಕ್ಟರು ಹೇಳಿದ ಇಂಥ ಮಾತುಗಳನ್ನು ಎಷ್ಟು ಸಲ ಟೈಪ್ ಮಾಡಿದ್ದೇನೆ. 'ಹೇಳಿದಷ್ಟು ಮಾಡುತ್ತಾರೆ' ಎಂದಿದ್ದರೆ ಸಾಕು, ಆ ಕೆಲಸ ಅವರಿಗಿಲ್ಲ. ತಿಳಿದೇ ಬರೆದೆ. ಬೇಲಿಯೇ ಎದ್ದು ಹೊಲ ಮೇಯಿತು.

"ನನ್ನ ಬಗ್ಗೆ ಚೆನ್ನಾಗಿ ಬರೆದಿದ್ದೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೀ ಹೆಂಗದಿ ಹಂಗ ಬರದೇನಿ" ಎಂದೆ. ನಕ್ಕು ನನ್ನ ಕೊರಳಿಗೆ ಕೈ ಹಾಕಿದಳು. ಆ ಕೈಯ ಭಾರ —

ಸೀಟು ಸಿಗಲಿಲ್ಲ. ನನ್ನ ಪತ್ರದಿಂದಲೇ ಎಂದು ಯಾರೂ ಹೇಳಿಲ್ಲ. ಬೇರೆ ಕಾರಣವೂ ಇದ್ದೀತು. ಆದರೆ ಆ ಅನುಮಾನದ ಹಿಂದೆ ನಾನು ಬಚ್ಚಿಟ್ಟುಕೊಳ್ಳಲಾರೆ. ಸಹನಾ ತಪ್ಪು ಹುಡುಕಿದ್ದು ತನ್ನ ಪ್ರಬಂಧದಲ್ಲಿ. ಸ್ಕೂಲಿನಲ್ಲಿ ತಾನು ಮಾಡಿದ ಒಂದು ವಾದದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಳು. ತಾನು ಜಗಳಗಂಟಿಯಂತೆ ಕಂಡಿರಬೇಕು, ಜಾಸ್ತಿ ಮಾತಾಡಿದೆ ಎಂದಳು. ನಾನು ಅವಳ ತಲೆ ಸವರಿ ಸುಮ್ಮನಿದ್ದೆ. ಬರೆದಿದ್ದಕ್ಕಿಂತ ದೊಡ್ಡ ತಪ್ಪು ಇದೇ ಎಂದು ಈಗ ಅನ್ನಿಸುತ್ತದೆ.

ಲಂಡನ್ನಿನಲ್ಲೇ ಓದಿದಳು, ದಿನಾ ಟ್ಯೂಬ್ ರೈಲಿನಲ್ಲಿ ಹೋಗಿ ಬಂದಳು. ನಾನು ಬಯಸಿದ್ದೂ ಇದನ್ನೇ. ಆದರೆ ಊಟಕ್ಕೆ ಕೂತಾಗ ಎದುರಿಗಿದ್ದವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಪತ್ರಿಕೆಯ ಜಗಳಗಳನ್ನು ಓದಿ ಹೇಳುತ್ತಿದ್ದವಳು ಎಲ್ಲಿ ಹೋದಳೋ. ಒಂದೇ ಸೂರಿನಡಿ ನಾನು ಆಗಲೇ ಒಬ್ಬಂಟಿಯಾಗಿದ್ದೆ. ಓದು ಮುಗಿದ ಮೇಲೆ ಏರ್‌ಪೋರ್ಟಿನ ಒಂದು ಆಫೀಸಿನಲ್ಲಿ ಕೆಲಸ ಹಿಡಿದು ಅದರ ಹತ್ತಿರದ ಫೆಲ್ಥಮ್‌ನಲ್ಲಿ ಬೇರೆ ಮನೆ ಮಾಡಿದಳು. ಈಗ ಎರಡು ಲೋಟ ಅಕ್ಕಿಯ ಬದಲು ಅರ್ಧ ಲೋಟ ತೊಳೆಯುತ್ತೇನೆ, ಅದೂ ಉಳಿಯುತ್ತದೆ.

ಹೋದ ತಿಂಗಳು ಫೋನು ಮಾಡಿದ್ದಳು. ಮೇಲಿನ ಹುದ್ದೆಗೆ ಅರ್ಜಿ ಹಾಕು ಎಂದು ಮ್ಯಾನೇಜರರೇ ಹೇಳಿದರಂತೆ. ಇವಳು ಒಲ್ಲೆ ಎಂದಳಂತೆ. ಯಾಕೆಂದು ಕೇಳಿದೆ. ಹಿಂದೊಮ್ಮೆ ಆ ಕಾಲೇಜಿನವರು ನನ್ನನ್ನು ಸರಿಯಾಗಿ ನೋಡಿದರು ಅಮ್ಮಾ, ಅವರಿಗೆ ಕಂಡದ್ದೇನು ಎಂದು ನನಗೆ ಗೊತ್ತು ಎಂದಳು. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದಳು.

ಆಗಲಾದರೂ ಹೇಳಬೇಕಿತ್ತು. "ಊಟಾ ಆತೇನು?" ಎಂದು ಕೇಳಿದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವಾಗಲೇ ನನ್ನ ಹೊಸ ಕಳ್ಳತನ ನನಗೆ ಕಾಣುತ್ತಿದೆ. ಸಹನಾಗೆ ಕನ್ನಡ ಓದಲು ಬರುವುದಿಲ್ಲ. ಅವಳ ವಿರುದ್ಧ ಬರೆದದ್ದನ್ನು ಇಂಗ್ಲಿಷಿನಲ್ಲಿ ಬರೆದೆ, ಒಪ್ಪಿಕೊಳ್ಳುವುದನ್ನು ಅವಳು ಓದಲಾರದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಇಲ್ಲ, ಇನ್ನು ಸಾಕು. ಶನಿವಾರ ಫೆಲ್ಥಮ್‌ಗೆ ಹೋಗುತ್ತೇನೆ. ಈ ಹಾಳೆಯನ್ನು ಬ್ಯಾಗಿನಲ್ಲೇ ಬಿಟ್ಟು ಬಾಯಿಂದಲೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮೆ ಕೊಡಬೇಕಾದ ಭಾರವೂ ಅವಳ ಮೇಲೆಯೇ ಬೀಳುತ್ತದೆ. ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ಆದರೆ ಕೂತ ಕೂಡಲೇ, ನೀರು ಕುಡಿಯುವ ಮೊದಲೇ, ಇಷ್ಟನ್ನು ಹೇಳಿಬಿಡಬೇಕು — ಅವರು ನಿನ್ನನ್ನ ನೋಡೇ ಇಲ್ಲವ್ವಾ, ಸಹನಾ. ಅವರು ನೋಡಿದ್ದು ನಾ ಬರದ ಹುಡುಗಿನ್ನ.